ಸೀಳುನಾಯಿ ಬಂದರೆ ಜಿಂಕೆಯ ಸಂತತಿ ಮುಗಿಯಿತೇ?

ಪ್ರಶ್ನೆ: ನಮ್ಮೂರಿನ ಪಕ್ಕದ ಕಾಡಿನಲ್ಲಿ ಸೀಳುನಾಯಿಗಳ ಹಿಂಡು ಕಾಣಿಸಿಕೊಂಡಿದೆ. ಜಿಂಕೆಗಳನ್ನೆಲ್ಲ ತಿಂದು ಮುಗಿಸುವ ಮೊದಲೇ ಅರಣ್ಯ ಇಲಾಖೆಯವರು ಇವನ್ನು ಹಿಡಿದು ಬೇರೆಡೆ ಬಿಡಬಾರದೇ?

ಉತ್ತರ: ಊರಿನ ಹೆಸರೊಂದನ್ನು ಬಿಟ್ಟರೆ ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಇದೇ ಮಾತುಗಳಲ್ಲಿ ಬರುತ್ತದೆ. ಹಿಡಿಯುವ ಅಗತ್ಯವಿಲ್ಲ, ಜಿಂಕೆಗಳು ಮುಗಿಯುವುದೂ ಇಲ್ಲ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲವೆಂಬುದು ಗೊತ್ತಿರುವುದರಿಂದ ಸ್ವಲ್ಪ ವಿವರಿಸುತ್ತೇನೆ.

ಸೀಳುನಾಯಿ ಜಿಂಕೆಗಳನ್ನು ನಿರ್ನಾಮ ಮಾಡುತ್ತದೆಂಬ ನಂಬಿಕೆ ಶಿಕಾರಿಯ ಕಾಲದ್ದು. ಶಿಕಾರಿದಾರರು ಅದನ್ನು ತಮ್ಮ ಬೇಟೆಯ ಪಾಲುಗಾರನೆಂದು ಕಂಡರು. ದೇಶದ ಹಲವೆಡೆ ಅದನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇನಾಮು ಹೋಯಿತು, ನಂಬಿಕೆ ಹೋಗಲಿಲ್ಲ. ಹುಲಿ, ಚಿರತೆಗಳು ಹೆಚ್ಚಾಗಿ ಕತ್ತಲಲ್ಲಿ, ಮರೆಯಲ್ಲಿ ಕೊಲ್ಲುತ್ತವೆ. ಸೀಳುನಾಯಿಗಳು ಹಾಡಹಗಲೇ ಹಿಂಡುಗಟ್ಟಿ ಅಟ್ಟಿಸಿಕೊಂಡು ಹೋಗಿ, ಪ್ರಾಣಿಯ ಜೀವ ಹೋಗುವ ಮೊದಲೇ ತಿನ್ನತೊಡಗುತ್ತವೆ. ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಬೆದರಿದ ಜಿಂಕೆಗಳು ಕೆಲವು ದಿನ ಆ ಬಯಲಿನತ್ತ ಸುಳಿಯದಿದ್ದರೆ, ‘ಎಲ್ಲ ಖಾಲಿಯಾದವು’ ಎಂಬ ಸುದ್ದಿ ಹಬ್ಬುತ್ತದೆ. ಖಾಲಿಯಾಗಿರುವುದು ಆ ಬಯಲು ಮಾತ್ರ.

ಈ ನಂಬಿಕೆ ನಿಜವಾಗಿದ್ದರೆ ನಾಗರಹೊಳೆಯಲ್ಲಿ ಜಿಂಕೆಯೇ ಇರಬಾರದಿತ್ತು. 1980ರ ದಶಕದ ಕೊನೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಅಲ್ಲಿ ಲೆಕ್ಕ ಹಾಕಿದಾಗ, ಹುಲಿ, ಚಿರತೆ, ಸೀಳುನಾಯಿ ಮೂರೂ ಒಳ್ಳೆಯ ಸಂಖ್ಯೆಯಲ್ಲಿದ್ದ ಅದೇ ಕಾಡಿನಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಈ ಮೂರೂ ಸಾವಿರಾರು ವರ್ಷಗಳಿಂದ ಜಿಂಕೆ, ಕಡವೆಗಳನ್ನು ತಿನ್ನುತ್ತಲೇ ಬಂದಿವೆ. ತಿಂದು ಮುಗಿಸುವಂತಿದ್ದರೆ ಎಂದೋ ಮುಗಿಸಿ, ತಾವೂ ಹಸಿದು ಸಾಯುತ್ತಿದ್ದವು.

ಯಾವ ಜಿಂಕೆ ಸಾಯುತ್ತದೆ ಎಂಬುದೂ ಮುಖ್ಯ. ನಾಗರಹೊಳೆಯಲ್ಲಿ ಬಲಿಯಾದ ಚುಕ್ಕೆ ಜಿಂಕೆ, ಕಡವೆಗಳಲ್ಲಿ ಬೆಳೆದ ಗಂಡುಗಳ ಪಾಲು ಕಾಡಿನಲ್ಲಿ ಅವುಗಳಿಗಿದ್ದ ಪಾಲಿಗಿಂತ ಹೆಚ್ಚಾಗಿತ್ತು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವ ಪ್ರಾಣಿಗಳಲ್ಲಿ ಕೆಲವು ಗಂಡುಗಳು ಸತ್ತರೆ ಮುಂದಿನ ವರ್ಷದ ಮರಿಗಳ ಸಂಖ್ಯೆ ಹೆಚ್ಚು ಇಳಿಯುವುದಿಲ್ಲ. ಜೊತೆಗೆ, ಬಲಿಯಾದವುಗಳಲ್ಲಿ ಒಂದಷ್ಟು ಹೇಗೂ ಬೇಸಿಗೆಯ ಮೇವಿನ ಕೊರತೆಗೋ ರೋಗಕ್ಕೋ ತುತ್ತಾಗಬೇಕಾಗಿದ್ದವೇ. ಹುಲಿಯದೇ ಲೆಕ್ಕ ನೋಡಿ: ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಕೊಲ್ಲುತ್ತದೆ, ಅದು ಬದುಕಲು ಅಂತಹ ಸುಮಾರು 500 ಪ್ರಾಣಿಗಳಿರಬೇಕು. ಅಂದರೆ ಬೇಟೆ ಎಷ್ಟಿದೆಯೆಂಬುದು ಬೇಟೆಗಾರರ ಸಂಖ್ಯೆಯನ್ನು ನಿರ್ಧರಿಸುತ್ತದೆ. ನಮ್ಮ ಜನ ಇದನ್ನು ಸದಾ ತಲೆಕೆಳಗಾಗಿಯೇ ಹೇಳುತ್ತಾರೆ. ಜಿಂಕೆ ನಿಜವಾಗಿಯೂ ಇಲ್ಲವಾದ ಕಾಡುಗಳಲ್ಲಿ ಉರುಳು, ನಾಡಬಂದೂಕುಗಳನ್ನು ಹುಡುಕಿ.

ಸೀಳುನಾಯಿ ತನ್ನ ಬಾಲಕ್ಕೆ ಮೂತ್ರ ಸವರಿ ಜಿಂಕೆಯ ಕಣ್ಣಿಗೆ ಬಡಿದು ಕುರುಡು ಮಾಡುತ್ತದೆಂಬ ಕಥೆಯನ್ನೂ ಯಾರಾದರೂ ಸೇರಿಸುತ್ತಾರೆ. ಅದು ಸುಳ್ಳು, ಮುಂದಕ್ಕೆ ಹೋಗೋಣ.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು: ಮೂರೂ ಬೇಟೆಗಾರರು ಒಂದೇ ಕಾಡಿನಲ್ಲಿ ಹೇಗೆ ಹೊಂದಿಕೊಂಡಿವೆ? ನಾಗರಹೊಳೆಯಲ್ಲಿ ಹುಲಿ ಕೊಂದ ಪ್ರಾಣಿಗಳ ಸರಾಸರಿ ತೂಕ 91.5 ಕಿಲೋ, ಸೀಳುನಾಯಿಯದು 43.4, ಚಿರತೆಯದು 37.6. ಕಾಟಿ (ಕಾಡುಕೋಣ), ಕಡವೆಗಳತ್ತ ಹುಲಿಯ ಒಲವು. ಉಳಿದೆರಡರ ಬೇಟೆಯ ಗಾತ್ರ ಹತ್ತಿರ ಹತ್ತಿರವಿದ್ದರೂ ಸೀಳುನಾಯಿ ಹಗಲಲ್ಲಿ ಓಡಿಸಿ ಹಿಡಿಯುತ್ತದೆ, ಚಿರತೆ ಇರುಳಲ್ಲಿ ಹೊಂಚು ಹಾಕುತ್ತದೆ. ಈ ಏರ್ಪಾಟು ನಿಂತಿರುವುದು ದೊಡ್ಡ ಮತ್ತು ಮಧ್ಯಮ ಗಾತ್ರದ ಸಸ್ಯಾಹಾರಿಗಳೆರಡೂ ಧಾರಾಳವಾಗಿರುವುದರ ಮೇಲೆ. ಕಾಟಿ, ಕಡವೆ ಕಡಿಮೆಯಾದ ಕಾಡಿನಲ್ಲಿ ಹುಲಿಯೂ ಜಿಂಕೆಯತ್ತ ತಿರುಗುವುದರಿಂದ, ಮೊದಲು ಪೆಟ್ಟು ಬೀಳುವುದು ಚಿಕ್ಕ ಬೇಟೆಗಾರರಿಗೆ.

ಸೀಳುನಾಯಿಯ ಸಂಖ್ಯೆಗೂ ಕಡಿವಾಣವಿದೆ. ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ, ಉಳಿದವು ಹೊಟ್ಟೆಯಿಂದ ಮಾಂಸ ಕಕ್ಕಿ ಆ ಮರಿಗಳನ್ನು ಸಾಕುತ್ತವೆ. ಊರನಾಯಿಗಳಿಂದ ಡಿಸ್ಟೆಂಪರ್ (ನಾಯಿಗಳಿಗೆ ಬರುವ ಮಾರಕ ವೈರಸ್ ರೋಗ) ಅಥವಾ ರೇಬೀಸ್ ತಗುಲಿದರೆ ಹಿಂಡಿಗೆ ಹಿಂಡೇ ಅಳಿಯಬಹುದು. ಹಾಗಾಗಿ ಅರಣ್ಯ ಇಲಾಖೆಗೆ ಅರ್ಜಿ ಬರೆಯಲೇಬೇಕೆಂದಿದ್ದರೆ, ಪಶುವೈದ್ಯರನ್ನೂ ಕರೆಸಿ ಕಾಡಂಚಿನ ಊರನಾಯಿಗಳಿಗೆ ಲಸಿಕೆ ಹಾಕಿಸಿರೆಂದು ಬರೆಯಿರಿ.