ಬ್ಯಾಟರಿ ಒರಿಜಿನಲ್ಲಾ? ಮೊದಲು ತಾರೀಖು ನೋಡಿ

ಮೊನ್ನೆ ನಮ್ಮ ರಿಪೇರಿ ಅಂಗಡಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಲ್ಯಾಪ್‌ಟಾಪನ್ನು ಬ್ಯಾಗಿನಿಂದ ತೆಗೆಯುವ ಮೊದಲೇ ಶುರು ಮಾಡಿದರು. “ಒರಿಜಿನಲ್ ಬ್ಯಾಟರೀನೇ ಹಾಕ್ಸಿದ್ದು ಕಣಪ್ಪ. ಎಂಟು ತಿಂಗಳಾಗಿಲ್ಲ, ಬ್ಯಾಕಪ್ಪೇ ಬರ್ತಿಲ್ಲ.” ಬ್ಯಾಟರಿ ಮೇಲೆ ಕಂಪನಿಯ ಲೋಗೋ ಇತ್ತು, ಹೊಳೆಯುವ ಹೋಲೋಗ್ರಾಮೂ ಇತ್ತು. ಹಿಂಬದಿಯಿಂದ ಕಳಚುವ ಹಳೇ ಕಾಲದ ದಪ್ಪ ಬ್ಯಾಟರಿ. ಹೇಗೂ ಸತ್ತಿದೆಯಲ್ಲ ಸಾರ್, ಬಿಚ್ಚಿ ನೋಡಲಾ ಅಂದೆ. ಹೂಂ ಅಂದರು.

ಅಂಚು ಬಿಡಿಸಿದರೆ ಒಳಗೆ ಆರು ಸೆಲ್. ನಾಲ್ಕು ನೀಲಿ, ಎರಡು ಗುಲಾಬಿ. ಒಂದು ಸೆಲ್ಲಿನ ತುದಿಯಲ್ಲಿ ಹಳೇ ವೆಲ್ಡಿಂಗಿನ ಚುಕ್ಕೆಗಳು, ಪಕ್ಕದಲ್ಲೇ ಹೊಸ ಚುಕ್ಕೆಗಳು. ಅಂದರೆ ಯಾವುದೋ ಹಳೇ ಪ್ಯಾಕುಗಳಿಂದ ಕಿತ್ತ ಸೆಲ್‌ಗಳನ್ನು ಸೇರಿಸಿ ಹೊಸ ಡಬ್ಬಿಗೆ ತುಂಬಿದ್ದರು. ಇಂಥ ಪ್ಯಾಕಿನಲ್ಲಿ ಸೊರಗಿದ ಸೆಲ್ ಮೊದಲು ಖಾಲಿಯಾಗುತ್ತದೆ. ಅದು ಖಾಲಿಯಾದ ಕೂಡಲೇ ಒಳಗಿನ ಸರ್ಕ್ಯೂಟ್ ಇಡೀ ಪ್ಯಾಕನ್ನು ಆಫ್ ಮಾಡುತ್ತದೆ. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಗಾಡಿ ನಿಂತಂತೆ. (ನೀವು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಸೆಲ್ಲಿಗೆ ಸ್ಕ್ರೂಡ್ರೈವರ್ ತಾಗಿ ಶಾರ್ಟ್ ಆದರೆ ಬೆಂಕಿ ಹತ್ತಬಹುದು.)

ಗಿರಾಕಿಗಳ ಲೆಕ್ಕದಲ್ಲಿ ಬ್ಯಾಟರಿ ಎರಡೇ ಥರ, ಒರಿಜಿನಲ್ ಮತ್ತು ಡುಪ್ಲಿಕೇಟ್. ನನ್ನ ಟೇಬಲ್ಲಿಗೆ ಬರುವುದು ಮೂರು ಥರ. ಲ್ಯಾಪ್‌ಟಾಪ್ ಕಂಪನಿಯೇ ಕೊಡುವುದು ಒಂದು. ಬೇರೆ ಕಂಪನಿ ತನ್ನದೇ ಹೆಸರು ಹಾಕಿ ಮಾರುವುದು ಇನ್ನೊಂದು, ಇದಕ್ಕೆ ನಾವು ಕಂಪ್ಯಾಟಿಬಲ್ ಅನ್ನುತ್ತೇವೆ. ಮೂರನೆಯದು ಮೇಷ್ಟ್ರ ಕೈಗೆ ಸಿಕ್ಕಿದ್ದು. ಯಾರೋ ಮಾಡಿ, ದೊಡ್ಡ ಕಂಪನಿಯ ಸ್ಟಿಕ್ಕರ್ ಅಂಟಿಸಿ, ಅರ್ಧ ಬೆಲೆಗೆ ಒರಿಜಿನಲ್ ಅಂತ ಕೊಡುವುದು. ಕಂಪ್ಯಾಟಿಬಲ್ ಕಂಡರೆ ಹೆದರುವ ಜನ ಇದನ್ನು ಮಾತ್ರ ಖುಷಿಯಾಗಿ ಕೊಳ್ಳುತ್ತಾರೆ. ನನಗೆ ತಲೆಬಿಸಿ ಆಗುವುದು ಇಲ್ಲೇ.

ಹಾಗಂತ ಅಸಲಿ ಒರಿಜಿನಲ್ ಸಿಕ್ಕಿದರೆ ಕಣ್ಣುಮುಚ್ಚಿ ತಗೋಬಹುದಾ? ಅದೂ ಆಗಲ್ಲ. ಲಿಥಿಯಂ ಸೆಲ್ ಉಪಯೋಗಿಸಿದರೂ ಮುದಿಯಾಗುತ್ತದೆ, ಸುಮ್ನೆ ಇಟ್ಟರೂ ಮುದಿಯಾಗುತ್ತದೆ. ಸೆಕೆ ಜಾಸ್ತಿ ಇರುವ ಗೋಡೌನಿನಲ್ಲಿ ಇಟ್ಟರೆ ಇನ್ನೂ ಬೇಗ. ಎಂಟು ವರ್ಷದ ಹಿಂದಿನ ಮಾಡೆಲ್ಲಿಗೆ ಇವತ್ತು ಒರಿಜಿನಲ್ ಬ್ಯಾಟರಿ ಸಿಕ್ಕಿತು ಅಂದರೆ ನನ್ನ ಮೊದಲ ಪ್ರಶ್ನೆ, ಇದು ಯಾವಾಗ ತಯಾರಾಗಿದ್ದು? ಎಷ್ಟೋ ಸಲ ಸೀಲ್ ಒಡೆಯದ ಡಬ್ಬಿಯಲ್ಲೇ ಸತ್ತ ಬ್ಯಾಟರಿ ನೋಡಿದ್ದೇನೆ. ಅದಕ್ಕಿಂತ ಹೋದ ವರ್ಷ ತಯಾರಾದ ಒಳ್ಳೆಯ ಕಂಪ್ಯಾಟಿಬಲ್ ಎಷ್ಟೋ ವಾಸಿ. ಲೇಬಲ್ಲಿನಲ್ಲಿ ತಯಾರಾದ ತಿಂಗಳು, ವರ್ಷ ಹುಡುಕಿ. ಕಾಣದಿದ್ದರೆ ಅಂಗಡಿಯವರ ಕೈಲಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಒರಿಜಿನಲ್‌ನಲ್ಲೂ ದೋಷ ಇರಬಹುದು ಅಲ್ವಾ ಅಂತ ಕೇಳುವವರಿದ್ದಾರೆ. ಖಂಡಿತ ಇರಬಹುದು. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. ಸೆಲ್‌ಗಳು ಸೋನಿಯವು. ತಯಾರಿಕೆಯಲ್ಲಿ ಲೋಹದ ಚೂರು ಒಳಗೆ ಸೇರಿ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯ ಇತ್ತು. ಅದೇ ತಿಂಗಳು ಆಪಲ್ ಕೂಡ ಸೋನಿ ಸೆಲ್ಲಿನ ಬ್ಯಾಟರಿಗಳನ್ನು ವಾಪಸ್ ಪಡೆಯಿತು. ನಾನು ಈ ಕಥೆಯನ್ನು ಗಿರಾಕಿಗಳಿಗೆ ಹೇಳುವುದಕ್ಕೆ ಕಾರಣ ಬೇರೆ. ಅಲ್ಲಿ ವಾಪಸ್ ಕರೆಯಲು ಒಬ್ಬರಿದ್ದರು. ಮೇಷ್ಟ್ರ ಬ್ಯಾಟರಿಯಲ್ಲಿ ತೊಂದರೆ ಇದ್ದರೆ ಯಾರು ಕರೆಯಬೇಕು?

ಇನ್ನು ಲೇಬಲ್ಲಿನ ಅಂಕಿಗಳು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಹಿಡಿಯುವ ಒಟ್ಟು ಶಕ್ತಿ. 11.1 ವೋಲ್ಟ್, 4400 ಎಂಎಎಚ್ (ಮಿಲಿ ಆಂಪಿಯರ್-ಅವರ್, ಅಂದರೆ 4.4 ಆಂಪಿಯರ್-ಅವರ್) ಇದ್ದರೆ 11.1 ಗುಣಿಸು 4.4, ಹತ್ತಿರ ಹತ್ತಿರ 49 ವ್ಯಾಟ್-ಅವರ್. ಲೇಬಲ್ಲಿನಲ್ಲಿ ಈ ಲೆಕ್ಕ ಕೂಡಿಬರದಿದ್ದರೆ ಅನುಮಾನ ಪಡಿ. ದಪ್ಪ ಬ್ಯಾಟರಿಗಳ ಒಳಗಿನ ದುಂಡು ಸೆಲ್ಲಿಗೆ 18650 ಅಂತ ಹೆಸರು, 18 ಮಿಲಿಮೀಟರ್ ದಪ್ಪ, 65 ಉದ್ದ. ಒಳ್ಳೆಯ ಕಂಪನಿಯ ಸೆಲ್ಲೇ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಆರು ಸೆಲ್ ಪ್ಯಾಕಿನಲ್ಲಿ ಎರಡೆರಡು ಸೆಲ್ಲಿನ ಮೂರು ಜೋಡಿ ಸಾಲಾಗಿರುತ್ತವೆ. ಎಂಎಎಚ್ ಕೂಡುವುದು ಜೋಡಿಯ ಒಳಗೆ ಮಾತ್ರ, ಹಾಗಾಗಿ 7000 ಅಂದರೆ ಬಹಳವಾಯಿತು. ‘6 ಸೆಲ್, 9000’ ಅಂತ ಬರೆದಿದ್ದರೆ ನಕ್ಕು ವಾಪಸ್ ಇಡಿ. 10.8 ವೋಲ್ಟ್ ಬದಲು 11.1 ಬಂದರೆ ಗಾಬರಿ ಬೇಡ, ಎರಡೂ ಮೂರು ಸೆಲ್ ಸಾಲೇ, ಬರೆಯುವ ರೀತಿ ಬೇರೆ ಅಷ್ಟೇ. ಆದರೆ 11.1 ಇರುವ ಕಡೆ 14.8 ಹಾಕಬಾರದು. ಮಾಡೆಲ್ ಹೆಸರು ಹೇಳಿ ಆರ್ಡರ್ ಮಾಡುವುದೂ ಬೇಡ. ಒಂದೇ ಮಾಡೆಲ್ಲಿಗೆ ಎರಡು ಮೂರು ಥರದ ಬ್ಯಾಟರಿ ಬಂದಿರುತ್ತದೆ. ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತನ್ನೂ ನೋಡಿ. ಐಎಸ್ 16046 ಅಂತ ಇರುತ್ತದೆ, ಜತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ನಂಬರ್ ಕದ್ದು ಹಾಕುವವರೂ ಇದ್ದಾರೆ, ಹಾಗಾಗಿ ಹೆಸರು ಹೊಂದುತ್ತದಾ ಅಂತಲೇ ನೋಡಬೇಕು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಯ್ಕೆಯೇ ಇರುವುದಿಲ್ಲ. 2012ರ ಆಸುಪಾಸಿನಿಂದ ಬಂದ ಲೆನೊವೊ ಕಂಪನಿಯ ಹಲವು ಥಿಂಕ್‌ಪ್ಯಾಡ್‌ಗಳು ಬೇರೆ ಬ್ಯಾಟರಿ ಹಾಕಿದರೆ ಚಾರ್ಜ್ ಮಾಡಲ್ಲ ಅಂತ ಪರದೆಯ ಮೇಲೆ ಬರೆದು ತೋರಿಸುತ್ತವೆ.

ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದರೆ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಾದದ್ದು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು) ಎರಡೂ ಕಾಣುತ್ತವೆ. ಹಳೇ ಬ್ಯಾಟರಿಯ ಗತಿ ತಿಳಿಯಲು ಇದು ಚೆನ್ನ. ಹೊಸದನ್ನು ಪರೀಕ್ಷಿಸಲು ಇದೊಂದನ್ನೇ ನಂಬಬೇಡಿ. ಆ ಅಂಕಿ ಬರುವುದು ಬ್ಯಾಟರಿಯ ಒಳಗಿನ ಚಿಪ್‌ನಿಂದ, ಕಳ್ಳಮಾಲಿನ ಚಿಪ್‌ಗೆ ಸುಳ್ಳು ಹೇಳಲೂ ಕಲಿಸಬಹುದು. ಫುಲ್ ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಒಂದು ಉದ್ದದ ವಿಡಿಯೋ ಹಾಕಿ ಗಡಿಯಾರ ನೋಡಿ. ಇದನ್ನು ಬದಲಾಯಿಸಿಕೊಡುವ ಗಡುವಿನ ಒಳಗೇ ಮಾಡಿ.

ನನ್ನ ಲೆಕ್ಕ ಹೀಗೆ. ಲ್ಯಾಪ್‌ಟಾಪ್ ನಾಲ್ಕೈದು ವರ್ಷದ ಒಳಗಿದ್ದರೆ, ಅದರಲ್ಲೂ ತೆಳ್ಳಗಿನ ಮಾಡೆಲ್ ಆದರೆ, ದುಡ್ಡು ಜಾಸ್ತಿ ಆದರೂ ಕಂಪನಿಯ ಸರ್ವಿಸ್ ಸೆಂಟರಿನಿಂದ ಒರಿಜಿನಲ್ಲೇ ಹಾಕಿಸಿ. ಅವುಗಳಲ್ಲಿ ಇರುವುದು ಚಪ್ಪಟೆ ಪೌಚ್ ಸೆಲ್. ಅದು ಉಬ್ಬಿದರೆ ಟಚ್‌ಪ್ಯಾಡ್ ಎದ್ದು ಬರುತ್ತದೆ, ಒಮ್ಮೊಮ್ಮೆ ಪರದೆಯೂ ಸರಿಯಾಗಿ ಮುಚ್ಚಲ್ಲ. ಅದಕ್ಕಿಂತ ಹಳೆಯದಾದರೆ ಹೆಸರಿರುವ, ವರ್ಷದ ವಾರಂಟಿ ಕೊಡುವ ಕಂಪ್ಯಾಟಿಬಲ್ ಸಾಕು. ದಿನವಿಡೀ ಚಾರ್ಜರಿನಲ್ಲೇ ಇರುವ ಲ್ಯಾಪ್‌ಟಾಪ್ ಆದರೆ, ಸೌಲಭ್ಯ ಇದ್ದಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸಿ.

ಮೇಷ್ಟ್ರ ಲ್ಯಾಪ್‌ಟಾಪ್ ಹತ್ತು ವರ್ಷದ್ದು. ಒಂದು ಕಂಪ್ಯಾಟಿಬಲ್ ಹಾಕಿ, ಮಾರ್ಕರಿನಲ್ಲಿ ಅದರ ಬೆನ್ನ ಮೇಲೆ ಅವತ್ತಿನ ತಾರೀಖು ಬರೆದುಕೊಟ್ಟೆ. “ಇದು ಒರಿಜಿನಲ್ ಅಲ್ಲ ಅಂತಾಯ್ತು?” ಅಂದರು. ಅಲ್ಲ ಸಾರ್ ಅಂದೆ. ಆ ಆರು ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಇ-ವೇಸ್ಟ್ ಡಬ್ಬಕ್ಕೆ ಹಾಕಿದ್ದೇನೆ. ಹೋಲೋಗ್ರಾಮ್ ಸ್ಟಿಕ್ಕರ್ ಮಾತ್ರ ಕಿತ್ತು ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ, ಬಂದವರಿಗೆ ತೋರಿಸಲು.