ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಯೇ?

ಆಳಂದ, ಸುರಪುರ, ಔರಾದ ಕಡೆಯ ಹಳ್ಳಿಗಳಿಂದ ಕಲಬುರಗಿಯ ಕಾಲೇಜುಗಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಹಲವರು ಮೊದಲು ಹುಡುಕುವುದು ಕೊನೆಯ ಬೆಂಚನ್ನು. ಉತ್ತರ ಗೊತ್ತಿದ್ದರೂ ಕೈ ಮೇಲೇಳುವುದಿಲ್ಲ. ಇಂಗ್ಲಿಷ್ ತಪ್ಪಿದರೆ? ಊರಿನ ಮಾತು ಬಾಯಿಗೆ ಬಂದುಬಿಟ್ಟರೆ? ಸಂವಿಧಾನದ 371ಜೆ ವಿಧಿ ಮೀಸಲಾತಿಯ ಮೂಲಕ ಈ ಭಾಗದವರಿಗೆ ಸೀಟು ಕೊಟ್ಟಿತು. ಬಾಯಿ ಬಿಡುವ ಧೈರ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಈ ಅಂಜಿಕೆಯನ್ನು ಅಳೆದು ನೋಡಿ 2000ರಲ್ಲಿ ಪ್ರಕಟಿಸಿದರು. ತೊಡಲು ಮುಜುಗರವಾಗುವಂಥ ಗಾಯಕನ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನರಿದ್ದ ಕೋಣೆಗೆ ಕಳುಹಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅಂಗಿಯನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದರು. ಗಮನಿಸಿದ್ದವರು ಕಾಲು ಭಾಗಕ್ಕಿಂತಲೂ ಕಡಿಮೆ. ನಮ್ಮ ಮುಜುಗರ ನಮಗೆ ಎದ್ದು ಕಾಣುವುದರಿಂದ ಎಲ್ಲರಿಗೂ ಹಾಗೆಯೇ ಕಾಣುತ್ತಿದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. 2018ರ ಇನ್ನೊಂದು ಅಧ್ಯಯನದ ಪ್ರಕಾರ, ಮಾತುಕತೆ ಮುಗಿದ ಮೇಲೆ ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಎಂಬುದನ್ನು ಜನ ಕಡಿಮೆಯಾಗಿಯೇ ಊಹಿಸುತ್ತಾರೆ. ಒಂದೇ ಹಾಸ್ಟೆಲಿನಲ್ಲಿ ಜೊತೆಗಿದ್ದವರಲ್ಲೂ ಈ ತಪ್ಪೆಣಿಕೆ ತಿಂಗಳುಗಟ್ಟಲೆ ಉಳಿದಿತ್ತು.

ಹಾಗೆಂದು ನಗುವವರೇ ಇಲ್ಲ ಎನ್ನಲಾರೆ. ಕಲಬುರಗಿಯ ಕನ್ನಡವನ್ನು ಬೆಂಗಳೂರಿನಲ್ಲಿ ಅಣಕಿಸುವವರು ಈಗಲೂ ಇದ್ದಾರೆ. ಅಲ್ಲಿ ತಿದ್ದಿಕೊಳ್ಳಬೇಕಾದವರು ಅವರು.

ವ್ಯಕ್ತಿತ್ವ ವಿಕಸನ ತರಬೇತಿಗಳಲ್ಲಿ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳಲು ಹೇಳುವುದುಂಟು. ಕೆನಡಾದ ಮನೋವಿಜ್ಞಾನಿ ಜೊಆನ್ ವುಡ್ ತಂಡ 2009ರಲ್ಲಿ ಕಂಡುಕೊಂಡದ್ದು ಬೇರೆ: ಆತ್ಮಾಭಿಮಾನ ಕಡಿಮೆ ಇದ್ದವರು ‘ನಾನು ಪ್ರೀತಿಗೆ ಅರ್ಹ’ ಎಂಬರ್ಥದ ಮಾತನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಮಾತಿಗೆ ಒಳಗಿನಿಂದಲೇ ಆಕ್ಷೇಪಣೆ ಏಳುತ್ತದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆ. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಅತ್ಯಂತ ಗಟ್ಟಿ ಆಧಾರ, ಮಾಡಿ ಗೆದ್ದ ಅನುಭವ. ಆದ್ದರಿಂದ ಅಂಜಿಕೆಯನ್ನು ಸಣ್ಣದರಿಂದ ಎದುರಿಸಬೇಕು: ಬ್ಯಾಂಕಿನ ಕೌಂಟರಿನಲ್ಲಿ ತಾನೇ ವಿಚಾರಿಸುವುದು, ಪಾಠ ಮುಗಿದ ಮೇಲೆ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳುವುದು, ಆಮೇಲೆ ತುಂಬಿದ ತರಗತಿಯಲ್ಲಿ ಕೇಳುವುದು. ಹಾಗೆ ಮಾಡುವಾಗ ನೆಲ ನೋಡುತ್ತಾ ಮುಂದಿನ ವಾಕ್ಯವನ್ನು ಮನಸ್ಸಿನಲ್ಲೇ ಉರು ಹೊಡೆದರೆ ಫಲ ಕಡಿಮೆ. ಗಮನವೆಲ್ಲ ಒಳಕ್ಕೆ ತಿರುಗಿದವರಿಗೆ ಎದುರಿನವರು ತಲೆಯಾಡಿಸಿದ್ದೂ ಕಾಣುವುದಿಲ್ಲ. ತಮ್ಮಂಥವರೇ ಗೆದ್ದುದನ್ನು ಕಾಣುವುದನ್ನೂ ಬಂಡೂರಾ ಇನ್ನೊಂದು ಆಧಾರವೆಂದರು. ಅದಕ್ಕೇ ದೊಡ್ಡ ಭಾಷಣಕಾರರನ್ನು ಕರೆಸುವುದಕ್ಕಿಂತ, ಚಿತ್ತಾಪುರದ ಹಳ್ಳಿಯಿಂದ ಬಂದು ಎಂ.ಎಸ್ಸಿ. ಮುಗಿಸಿದ ಅಕ್ಕನೊಬ್ಬಳನ್ನು ಹೊಸಬರ ಜೊತೆ ಕೂರಿಸುವುದು ಮೇಲು.

ಅಂಜಿಕೆ ತಿಂಗಳುಗಟ್ಟಲೆ ಬಿಡದೆ, ಮೌಖಿಕ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವ ಮಟ್ಟಕ್ಕೆ ಹೋದರೆ ಅದನ್ನು ಬರಿಯ ನಾಚಿಕೆ ಎಂದು ತಳ್ಳಿಹಾಕಬಾರದು. ಸಾಮಾಜಿಕ ಆತಂಕಕ್ಕೆ ಪರಿಣಾಮಕಾರಿ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.