ಕೈ ಸಾಲದಿರುವುದು ಅಗಲಕ್ಕೋ, ಉದ್ದಕ್ಕೋ?

ಇಸ್ಪೀಟ್ ಎಲೆಗಳನ್ನು ಜೂಜಿಗಲ್ಲದೆ, ಜಾದೂವಿಗೂ ಅಲ್ಲದೆ, ಬರೀ ಕೈಚಳಕದ ಚೆಂದಕ್ಕಾಗಿ ಕಟ್ ಮಾಡುವ (ಅಂದರೆ ಎಲೆಗಳ ಕಟ್ಟನ್ನು ಭಾಗ ಮಾಡಿ ಮೇಲುಕೆಳಗು ಮಾಡುವ), ತಿರುಗಿಸುವ, ಚಿಮ್ಮಿಸುವ ಕಲೆಗೆ ಕಾರ್ಡಿಸ್ಟ್ರಿ ಎನ್ನುತ್ತಾರೆ. ಕಲಿಯಲು ಬರುವ ಹುಡುಗ ಹುಡುಗಿಯರಲ್ಲಿ ಹಲವರದು ಒಂದೇ ದೂರು: "ಸರ್, ನನ್ನ ಕೈ ಚಿಕ್ಕದು, ಆಗ್ತಿಲ್ಲ." ಎಲ್ಲಿ ಸಾಲುತ್ತಿಲ್ಲ, ಅಗಲಕ್ಕೋ ಉದ್ದಕ್ಕೋ ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ.

ಬೈಸಿಕಲ್ ಬ್ರ್ಯಾಂಡಿನಂಥ ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಬ್ರಿಜ್ ಅಳತೆಯ ಎಲೆಯ ಉದ್ದ ಅಷ್ಟೇ. ಅಗಲ ಮಾತ್ರ ಕಾಲು ಇಂಚು ಕಡಿಮೆ. ಆ ಕಾಲು ಇಂಚು ಕೆಲವು ಕಟ್‌ಗಳಿಗೆ ವರ, ಇನ್ನು ಕೆಲವಕ್ಕೆ ಏನೂ ಅಲ್ಲ.

ಎಲ್ಲರೂ ಮೊದಲು ಹಿಡಿಯುವ ಚಾರ್ಲಿಯರ್ ಕಟ್ ಅನ್ನೇ ನೋಡಿ. ಒಂದೇ ಕೈಯಲ್ಲಿ ಎಲೆಗಳ ಕಟ್ಟನ್ನು ಬೆರಳ ತುದಿಗಳ ಮೇಲೆ ಎತ್ತಿ ಹಿಡಿಯಬೇಕು: ಒಂದು ಉದ್ದನೆಯ ಅಂಚಿಗೆ ಹೆಬ್ಬೆರಳು, ಎದುರಿನ ಅಂಚಿಗೆ ನಡುಬೆರಳು ಮತ್ತು ಉಂಗುರದ ಬೆರಳು. ಹೆಬ್ಬೆರಳು ಸಡಿಲಿಸಿದಾಗ ಕೆಳಗಿನ ಅರ್ಧ ಅಂಗೈಗೆ ಬೀಳುತ್ತದೆ. ತೋರುಬೆರಳು ಅದನ್ನು ಹೆಬ್ಬೆರಳಿನ ಕಡೆಗೆ ನೂಕುತ್ತದೆ, ಅದರ ಅಂಚು ಮೇಲಿನ ಅರ್ಧವನ್ನು ದಾಟುತ್ತದೆ, ಮೇಲಿದ್ದದ್ದು ಕೆಳಗೆ ಬರುತ್ತದೆ. ಚಿಕ್ಕ ಕೈ ಸಿಕ್ಕಿಕೊಳ್ಳುವುದು ಈ ದಾಟುವ ಜಾಗದಲ್ಲಿ. ಅಲ್ಲಿ ಅಗಲ ಮತ್ತು ದಪ್ಪ ಎರಡೂ ಅಡ್ಡ ಬರುತ್ತವೆ. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಮೊದಲು ಅರ್ಧ ಕಟ್ಟು, ಅಂದರೆ 26 ಎಲೆಗಳನ್ನೇ ಕೊಡುತ್ತೇನೆ. ಅಷ್ಟರಲ್ಲಿ ಸಲೀಸಾದ ಮೇಲೆ ಐದಾರು ಎಲೆಗಳಂತೆ ಸೇರಿಸುತ್ತ ಹೋಗಬಹುದು. ಎಲೆ ಹಿಂದಕ್ಕೆ ಜಾರುತ್ತಿದ್ದರೆ ಕಿರುಬೆರಳನ್ನು ನಿಮ್ಮ ಕಡೆಯ ಗಿಡ್ಡ ಅಂಚಿಗೆ ಒತ್ತಿಡಿ. ಕಟ್ಟು ಅಂಗೈಯೊಳಗೆ ಕುಸಿದು ಕುಳಿತಿದ್ದರೆ ಮಾತ್ರ ಎಷ್ಟು ದೊಡ್ಡ ಕೈಯಾದರೂ ಈ ಕಟ್ ಆಗುವುದಿಲ್ಲ. ನಾನು ನೋಡಿದ ಮಟ್ಟಿಗೆ, "ಚಿಕ್ಕ ಕೈ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಕುಸಿದ ಹಿಡಿತವೇ.

ಅಮೆರಿಕದ ಜಾದೂಗಾರ ಕ್ರಿಸ್ ಕೆನರ್ ಅವರ ಸಿಬಿಲ್ ಕಟ್, ಅಂದರೆ ಕಟ್ಟನ್ನು ಹಲವು ಭಾಗ ಮಾಡಿ ಎರಡೂ ಕೈಗಳ ಬೆರಳುಗಳಲ್ಲಿ ತಿರುಗಿಸುವ ಕಟ್‌ನ ಲೆಕ್ಕ ಬೇರೆ. ಅಲ್ಲಿ ಎಲೆಗಳನ್ನು ಹಿಡಿಯುವುದು ಗಿಡ್ಡ ಅಂಚುಗಳಲ್ಲಿ, ಮೂರೂವರೆ ಇಂಚಿನ ಉದ್ದಕ್ಕೆ. ಬ್ರಿಜ್ ಎಲೆ ಕೊಂಡು ತಂದರೂ ಹೆಬ್ಬೆರಳು ನಡುಬೆರಳುಗಳ ನಡುವಿನ ದೂರ ಒಂದಿಷ್ಟೂ ಕಡಿಮೆಯಾಗದು. ಸಿಬಿಲ್‌ಗೆ ಆತುರ ಬೇಡ, ಅದು ಆರಂಭಿಕರ ಪಾಠವೂ ಅಲ್ಲ. ಎಲೆಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಚಿಮ್ಮಿಸುವ ಸ್ಪ್ರಿಂಗ್‌ಗೂ ಉದ್ದವೇ ತೊಡಕು. ಆದರೆ ಬಾಗಿದಷ್ಟೂ ಎಲೆಯ ಎರಡು ತುದಿಗಳು ಹತ್ತಿರವಾಗುವುದರಿಂದ, ತೆಳು ಕಾಗದದ, ಬಳಸಿ ಮೆದುವಾದ ಕಟ್ಟು ಚಿಕ್ಕ ಕೈಗೆ ಒಗ್ಗುತ್ತದೆ. ಬಿರುಸಾದ ಹೊಸ ಕಟ್ಟಿನಲ್ಲಿ ಸ್ಪ್ರಿಂಗ್ ಕಲಿಯುವುದು ಸುಮ್ಮನೆ ಹೆಬ್ಬೆರಳಿನ ಬುಡ ನೋಯಿಸಿಕೊಳ್ಳುವ ದಾರಿ. ನೋವು ಬಂದರೆ ಅಂದಿಗೆ ನಿಲ್ಲಿಸಿ.

ಸ್ವಿಂಗ್ ಕಟ್‌ಗೆ ಇಂಥ ತಕರಾರಿಲ್ಲ. ತೋರುಬೆರಳು ಮೇಲಿನ ಅರ್ಧವನ್ನು ಮೂಲೆಯಿಂದ ತಿರುಗಿಸಿದರೆ ಇನ್ನೊಂದು ಕೈ ಅದನ್ನು ಹೆಬ್ಬೆರಳ ಸಂದಿಯಲ್ಲಿ ತೆಗೆದುಕೊಳ್ಳುತ್ತದೆ. ಚಾರ್ಲಿಯರ್ ಜೊತೆಗೇ ಇದನ್ನೂ ಕಲಿಯಿರಿ.

ಇನ್ನು ಕೊಳ್ಳುವ ಮಾತು. ಪೂರ್ತಿ ಪ್ಲಾಸ್ಟಿಕ್ ಎಲೆಗಳು ಬಾಳಿಕೆ ಬರುತ್ತವೆ, ರಮ್ಮಿಗೆ ಚೆನ್ನ. ಬೀಸಣಿಗೆಯಂತೆ ಬಿಡಿಸಹೊರಟರೆ ಗುಂಪುಗುಂಪಾಗಿ ಜಾರುತ್ತವೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಕುಳಿಗಳಿರುವ ಕಾಗದದ ಎಲೆಯಾದರೆ ಕುಳಿಗಳಲ್ಲಿ ಗಾಳಿ ನಿಂತು ಸಮವಾಗಿ ಬಿಚ್ಚಿಕೊಳ್ಳುತ್ತದೆ. ಪೌಡರ್ ಹಚ್ಚುವ ಗೋಜಿಗೆ ಹೋಗಬೇಡಿ. ಮೊದಮೊದಲು ಮಂಚದ ಪಕ್ಕ ನಿಂತು ಅಭ್ಯಾಸ ಮಾಡಿ, ಬಿದ್ದ ಎಲೆ ಹೆಕ್ಕಲು ಬಗ್ಗುವ ಕೆಲಸ ಕಡಿಮೆಯಾಗುತ್ತದೆ.